ನಡೆದರೆ ಸಾಲದು



ಶಹಾಬಾದಿನ ಕಲ್ಲಿನ ಗಣಿ, ವಾಡಿ–ಸೇಡಂನ ಸಿಮೆಂಟ್ ಕಾರ್ಖಾನೆ, ಚಿತ್ತಾಪುರ, ಚಿಂಚೋಳಿಯ ತೊಗರಿ ಹೊಲ. ನಮ್ಮ ಕಡೆ ದುಡಿಯುವವರ ಕೈಗಡಿಯಾರಕ್ಕೆ ಧೂಳು ತಪ್ಪಿದ್ದಲ್ಲ. ಹಳೆಯ ಚಾವಿ ಗಡಿಯಾರವಾದರೆ ಕಣ್ಣಿಗೆ ಕಾಣದ ಪುಡಿ ಒಳಗೆ ಸೇರಿ, ಎಣ್ಣೆಯೊಡನೆ ಕಲೆತು ಅಂಟಾಗುತ್ತದೆ. ಒಂದು ದಿನ ಮುಳ್ಳು ನಿಂತುಬಿಡುತ್ತದೆ.

ರಿಪೇರಿಯವರು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಂದೊಂದೇ ಚಕ್ರ ಬಿಚ್ಚುತ್ತಾರೆ, ಪೆಟ್ರೋಲಿನಲ್ಲಿ ತೊಳೆಯುತ್ತಾರೆ, ಸೂಜಿಮೊನೆಯಷ್ಟು ಎಣ್ಣೆ ಮುಟ್ಟಿಸುತ್ತಾರೆ. ಎಣ್ಣೆ ಹೆಚ್ಚಾದರೂ ಕೆಡುಕೇ, ಹರಡಿಕೊಂಡು ಮತ್ತೆ ಧೂಳು ಹಿಡಿಯುತ್ತದೆ. ಜೋಡಿಸಿ ಚಾವಿ ಕೊಟ್ಟೊಡನೆ ಟಿಕ್ ಟಿಕ್ ಶುರು. ಗಿರಾಕಿಯ ಕೈ ಜೇಬಿಗೆ ಹೋಗುತ್ತದೆ.

“ನಡ್ಯಾಕತ್ತದಲ್ರೀ, ಕೊಡ್ರಿ ಮತ್ತ.”

“ಎರಡು ದಿನ ಇರ್ಲಿ ರೀ. ನೋಡಿ ಕೊಡ್ತೀನಿ.”

ಆ ಎರಡು ದಿನದಲ್ಲಿ ಅವರು ನೋಡುವುದೇನು? ಎಚ್‌ಎಂಟಿ ಜನತಾ ಗಡಿಯಾರ ಸೆಕೆಂಡಿಗೆ 5 ಸಲ ಮಿಡಿಯುತ್ತದೆ, ದಿನಕ್ಕೆ 4,32,000 ಸಲ. ಅದರಲ್ಲಿ ಬರೀ 300 ಮಿಡಿತ ತಪ್ಪಿದರೆ ದಿನಕ್ಕೆ ಒಂದು ನಿಮಿಷ ಹಿಂದೆ ಬೀಳುತ್ತದೆ. ಹತ್ತು ದಿನ ಹಾಗೇ ಬಿಟ್ಟರೆ ಹತ್ತು ನಿಮಿಷ. ವಾಡಿ ಜಂಕ್ಷನ್ನಿನಲ್ಲಿ ರೈಲು ತಪ್ಪಲು ಅಷ್ಟು ಸಾಕು. ಮೇಜಿನ ಮೇಲೆ ಮಲಗಿದಾಗ ಸರಿಯಿದ್ದ ಗಡಿಯಾರ ಕೈಗೆ ಕಟ್ಟಿದಾಗ ನಿಧಾನಿಸಬಹುದು. ಅದಕ್ಕೇ ಅಂಗಾತ ಇಟ್ಟು, ಬೋರಲು ಇಟ್ಟು, ಚಾವಿ ಕೆಳಗಾಗುವಂತೆ ನಿಲ್ಲಿಸಿ ನೋಡುತ್ತಾರೆ. ಒಳಗಿನ ಪುಟ್ಟ ಕಡ್ಡಿಯನ್ನು ಕೂದಲೆಳೆಯಷ್ಟು ಸರಿಸಿ, ಮರುದಿನ ಮತ್ತೆ ನೋಡುತ್ತಾರೆ. ಗಿರಾಕಿಗೆ ಇದ್ಯಾವುದೂ ಕಾಣುವುದಿಲ್ಲ. ಮೊದಲ ಟಿಕ್ ಸದ್ದಿಗೇ ಕೊಟ್ಟು ಕಳಿಸಿದ್ದರೂ ಕೂಲಿ ಅಷ್ಟೇ ಸಿಗುತ್ತಿತ್ತು.

ಮನುಷ್ಯರ ವಿಷಯದಲ್ಲಿ ಮಾತ್ರ ನಾವು ಮೊದಲ ಟಿಕ್ ಸದ್ದಿಗೇ ಎದ್ದು ಹೋಗುತ್ತೇವೆ. ನಮ್ಮ ಊರುಗಳಲ್ಲಿ ಬದುವಿನ ಜಗಳಕ್ಕೆ ಅಣ್ಣತಮ್ಮಂದಿರು ಮಾತು ಬಿಡುತ್ತಾರೆ. ಹಿರಿಯರು ಕಟ್ಟೆಯ ಮೇಲೆ ಕೂತು ಬುದ್ಧಿ ಹೇಳಿ, ಕೈ ಕೂಡಿಸಿ, ಚಹಾ ಕುಡಿಸಿ ಏಳುತ್ತಾರೆ. ಎಲ್ಲಾ ಸರಿಹೋಯ್ತು ಎನ್ನುತ್ತೇವೆ. ಕುಡಿತ ಬಿಟ್ಟವನ ಬೆನ್ನು ಚಪ್ಪರಿಸಿ ನಮ್ಮ ಪಾಡಿಗೆ ನಾವು ಹೋಗುತ್ತೇವೆ. ಎಂಟು ದಿನ ಬಿಟ್ಟು ಅವರ ಮನೆ ಬಾಗಿಲಿಗೆ ಹೋಗಿ, ಹೇಗಿದ್ದೀಯಪ್ಪ, ಅಣ್ಣ ಮಾತಾಡಿಸಿದನೇ, ಸಂಬಳದ ದಿನ ಸಂಜೆ ಹೇಗೆ ಕಳೆಯಿತು ಎಂದು ಕೇಳುವವರು ಎಷ್ಟು ಮಂದಿ? ತಪ್ಪು ಮತ್ತೆ ತಲೆ ಎತ್ತುವುದು ಇಂಥ ದಿನಗಳಲ್ಲೇ. ರಾಜಿ ಮಾಡಿಸಿದವರಿಗೆ ಹೆಸರು ಬರುತ್ತದೆ. ಆಮೇಲೆ ಹೋಗಿ ವಿಚಾರಿಸಿದವರಿಗೆ ಬರುವುದಿಲ್ಲ. ಆದರೂ ನನ್ನ ಮಟ್ಟಿಗೆ ಇವರದೇ ದೊಡ್ಡ ಕೆಲಸ.

ಮತ್ತೆ ಗಡಿಯಾರದ ಮಾತಿಗೆ ಬರೋಣ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಎಚ್‌ಎಂಟಿ ಗಡಿಯಾರ ಕಂಪನಿಯನ್ನು ಮುಚ್ಚಲು ಕೇಂದ್ರ ಸರ್ಕಾರ 2016ರಲ್ಲಿ ತೀರ್ಮಾನಿಸಿತು. ಹಾಗಾಗಿ ಈಗ ಬಿಡಿಭಾಗ ಬೇಕಾದರೆ ಎಷ್ಟೋ ಸಲ ಕೆಟ್ಟುಹೋದ ಇನ್ನೊಂದು ಗಡಿಯಾರದಿಂದಲೇ ತೆಗೆಯಬೇಕು. ನಿಮ್ಮ ಟ್ರಂಕಿನಲ್ಲಿ ಅಜ್ಜನ ಗಡಿಯಾರ ನಿಂತು ಬಿದ್ದಿದ್ದರೆ ಈ ವಾರ ಬಜಾರಿಗೆ ಒಯ್ಯಿರಿ. ರಿಪೇರಿಯವರು ಎರಡು ದಿನ ಕೇಳಿದರೆ ಮೂರು ದಿನ ಕೊಡಿ, ಕೂಲಿಯಲ್ಲಿ ಚೌಕಾಸಿ ಮಾಡಬೇಡಿ.