ಎಂಟೇ ಕುರ್ಚಿ ಯಾಕೆ? ಒಂದು ಕಸೂತಿ ವರ್ಕ್‌ಶಾಪ್‌ನ ಲೆಕ್ಕ

ಹೋದ ತಿಂಗಳು ಸೈಡ್ ಇನ್‌ಕಮ್ ಬಗ್ಗೆ ಮಾತಾಡಿದ್ಮೇಲೆ ತುಂಬಾ ಜನ ಒಂದೇ ಪ್ರಶ್ನೆ ಕಳಿಸಿದ್ರಿ: ಶನಿವಾರ, ಭಾನುವಾರ ಕರಕುಶಲದ ಸಣ್ಣ ವರ್ಕ್‌ಶಾಪ್ ಮಾಡಿದ್ರೆ ದುಡ್ಡು ಉಳಿಯುತ್ತಾ? ಉಳಿಯುತ್ತೆ. ಆದ್ರೆ ನನ್ನ ಮೊದಲನೇ ವರ್ಕ್‌ಶಾಪ್‌ನಲ್ಲಿ ಉಳಿಯಲಿಲ್ಲ, 380 ರೂಪಾಯಿ ಕೈಯಿಂದಲೇ ಹೋಯ್ತು. ಅದಕ್ಕಿಂತ ದೊಡ್ಡ ನಷ್ಟ ಒಂದಿತ್ತು, ಅದು ನನ್ನ ಲೆಕ್ಕದ ಶೀಟ್‌ನಲ್ಲಿ ಇರಲೇ ಇಲ್ಲ.

ನನ್ನ ಸೋದರತ್ತೆ ಧಾರವಾಡದಲ್ಲಿದ್ದಾರೆ. ಕಸೂತಿ ಹಾಕ್ತಾರೆ, ಚಿಕ್ಕ ವಯಸ್ಸಿಂದಲೂ. ಅವರನ್ನ ಬೆಂಗಳೂರಿಗೆ ಕರೆಸಿ ಒಂದು ದಿನದ ಕ್ಲಾಸ್ ಮಾಡೋಣ ಅನ್ನೋ ಐಡಿಯಾ ನನ್ನದು. ತಲೆಗೆ 700 ರೂಪಾಯಿ ಇಟ್ಟೆ. ಹಾಲ್‌ನಲ್ಲಿ 15 ಕುರ್ಚಿ ಇದ್ವು, 14 ಜನರನ್ನ ಸೇರಿಸಿದೆ. ಬಂದಿದ್ದು 9,800. ಹಾಲ್ ಬಾಡಿಗೆ 3,000, ಬಟ್ಟೆ-ದಾರ-ಸೂಜಿ 2,660, ಚಹಾ ತಿಂಡಿ 1,120, ಅತ್ತೆಯ ಬಸ್ಸು ಹೋಗಿ ಬರೋಕೆ 1,800, ಇನ್‌ಸ್ಟಾಗ್ರಾಂ ಜಾಹೀರಾತು 900. ಒಟ್ಟು 9,480. ಉಳಿದಿದ್ದು 320. ಆಮೇಲೆ ಒಬ್ಬರು "ನಂಗೆ ಏನೂ ಬರಲಿಲ್ಲ, ದುಡ್ಡು ವಾಪಸ್ ಕೊಡಿ" ಅಂದ್ರು. ಕೊಟ್ಟೆ. ಅವರು ಹೇಳಿದ್ದು ನಿಜವೇ ಆಗಿತ್ತು.

ಯಾಕೆ ಬರಲಿಲ್ಲ ಅನ್ನೋದು ಅರ್ಥ ಆಗಬೇಕಂದ್ರೆ ಕಸೂತಿ ಸ್ವಲ್ಪ ಗೊತ್ತಿರಬೇಕು. ಇದರಲ್ಲಿ ಬಟ್ಟೆ ಮೇಲೆ ಚಿತ್ರ ಬರ್ಕೊಳ್ಳೋದಿಲ್ಲ. ನೇಯ್ಗೆಯ ಎಳೆ ಎಣಿಸಿ ಎಣಿಸಿ ಸೂಜಿ ಹಾಕಬೇಕು. ನಾಲ್ಕು ಥರದ ಹೊಲಿಗೆ: ಗವಂತಿ, ಮುರ್ಗಿ, ನೇಗಿ, ಮೆಂತಿ. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ ಹಾಕ್ಕೊಂಡು ಹೋಗ್ತೀವಿ, ಬರುವಾಗ ಬಿಟ್ಟ ಜಾಗ ತುಂಬ್ಕೊಂಡು ಬರ್ತೀವಿ. ಗಂಟು ಹಾಕೋ ಹಾಗಿಲ್ಲ. ಬಟ್ಟೆ ತಿರುಗಿಸಿದ್ರೂ ಅದೇ ಚಿತ್ರ ಕಾಣಬೇಕು.

ಈಗ ತಮಾಷೆ ನೋಡಿ. ಹೋಗುವಾಗ ಒಂದೇ ಒಂದು ಎಳೆ ತಪ್ಪು ಎಣಿಸಿದ್ರೆ ಆಗ ಗೊತ್ತಾಗಲ್ಲ. ವಾಪಸ್ ಬರುವಾಗ ಗೆರೆ ಗೆರೆಗೆ ಕೂಡಲ್ಲ, ಆವಾಗ ಗೊತ್ತಾಗುತ್ತೆ. ಅಂದ್ರೆ ಮೊದಲ ಒಂದು ಗಂಟೆ ಎಲ್ಲರೂ ಖುಷಿಯಾಗಿರ್ತಾರೆ, ಫೋಟೋ ತೆಗೀತಾರೆ. ಆಮೇಲೆ ಎಲ್ಲರಿಗೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಅತ್ತೆ ಬೇಕು! ಒಬ್ಬರ ತಪ್ಪು ಹುಡುಕಿ, ಬಿಚ್ಚಿ, ಮತ್ತೆ ದಾರಿಗೆ ತರೋಕೆ ಐದು ನಿಮಿಷ. 14 ಜನ ಅಂದ್ರೆ 70 ನಿಮಿಷ. ಕೊನೆಯವರು ಒಂದು ಗಂಟೆಗೂ ಜಾಸ್ತಿ ಸೂಜಿ ಹಿಡ್ಕೊಂಡು ಸುಮ್ನೆ ಕೂತಿದ್ರು.

ಇದರ ಮೇಲೆ ನನ್ನ ಎರಡು ಜಾಣತನ ಬೇರೆ. ಮೂರು ಗಂಟೆಯಲ್ಲಿ ನಾಲ್ಕೂ ಹೊಲಿಗೆ ಕಲಿಸ್ತೀವಿ ಅಂತ ಪೋಸ್ಟರ್ ಹಾಕಿದ್ದೆ. ಫೋಟೋ ಚೆನ್ನಾಗಿ ಬರುತ್ತೆ ಅಂತ ಕಪ್ಪು ಬಟ್ಟೆ ತಂದಿದ್ದೆ. ಸಂಜೆ ಟ್ಯೂಬ್‌ಲೈಟ್ ಕೆಳಗೆ ಕಪ್ಪು ಬಟ್ಟೆಯ ಎಳೆ ಎಣಿಸೋದು! ಊಟದ ಹೊತ್ತಲ್ಲಿ ಅತ್ತೆ ಹೇಳಿದ್ರು: "ಹಾಲಿನ್ಯಾಗ ಕುರ್ಚಿ ಎಷ್ಟ್ ಅದಾವ ಅಂತ ನೋಡೀದಿ. ನನಗ ಕಣ್ಣ ಎಷ್ಟ್ ಅದಾವ ನೋಡಿಲ್ಲ."

ಅತ್ತೆಗೆ ನಾನು ದುಡ್ಡು ಕೊಟ್ಟಿರಲಿಲ್ಲ. ಕೊಡೋಕೆ ಹೋದ್ರೆ "ಅಣ್ಣನ ಮಗಳ ಕಡೆ ರೊಕ್ಕ ತಗೊಳ್ಳೋದೇನ?" ಅಂದ್ರು, ನಾನೂ ಸುಮ್ಮನಾದೆ. ನಿಜ ಹೇಳ್ತೀನಿ, ಒಳಗೊಳಗೆ ಅನುಕೂಲವೇ ಆಯ್ತು ಅನ್ನಿಸಿತ್ತು. ಹದಿನೈದು ದಿನ ಆದ್ಮೇಲೆ ಅಪ್ಪ ಫೋನ್‌ನಲ್ಲಿ ಮಾತಾಡ್ತಾ ಬೇರೆ ಏನೋ ಹೇಳುವಾಗ ಗೊತ್ತಾಯ್ತು. ನನ್ನ ಕ್ಲಾಸಿಗೆ ಬರೋಕೆ ಅಂತ ಅತ್ತೆ ಒಂದು ಮದುವೆ ಮನೆಯ ಎರಡು ಕುಪ್ಪಸದ ಕೆಲಸ ಬಿಟ್ಟಿದ್ರಂತೆ. ಟೈಮಿಗೆ ಆಗಲ್ಲ ಅಂತ ಅವರು ಬೇರೆಯವರಿಗೆ ಕೊಟ್ರಂತೆ. ನನಗೆ ಒಂದು ಮಾತೂ ಹೇಳಿಲ್ಲ.

ಬಿ.ಕಾಂ.ನಲ್ಲಿ ಕಾಸ್ಟಿಂಗ್ ಪೇಪರ್ ಬರೆದವಳು ನಾನು. ಒಂದು ಕೆಲಸ ಮಾಡೋಕೆ ಬಿಟ್ಟುಕೊಟ್ಟ ಇನ್ನೊಂದು ಕೆಲಸವೂ ಖರ್ಚೇ ಅಂತ ಪರೀಕ್ಷೆಯಲ್ಲಿ ಬರ್ದಿದ್ದೀನಿ, ಮಾರ್ಕ್ಸೂ ಬಂದಿತ್ತು. ಶೀಟ್‌ನಲ್ಲಿ ಮಾತ್ರ ಅತ್ತೆಯ ಹೆಸರಿನ ಸಾಲೇ ಇಲ್ಲ. ಆ ಕ್ಲಾಸ್ ನಡೆಸಿದ್ದು ಅತ್ತೆಯ ದುಡ್ಡಲ್ಲಿ.

ಎರಡನೇ ಸಲ ಶೀಟ್‌ನ ಮೊದಲ ಸಾಲಲ್ಲೇ ಕಲಿಸುವವರ ಸಂಭಾವನೆ 4,000 ಅಂತ ಬರೆದೆ. ಎಷ್ಟು ಜನ ಬಂದ್ರೂ, ಬರದಿದ್ರೂ ಅಷ್ಟು. ಇದನ್ನ ಒಪ್ಪಿಸೋಕೆ ಎರಡು ವಾರ ಬೇಕಾಯ್ತು. "ಅತ್ತಿ, ನೀವು ತಗೊಳ್ಳದಿದ್ರ ನಾ ಬೇರೆಯವರನ್ನ ಕರೀತೀನಿ" ಅಂದ ಮೇಲೆ ಒಪ್ಪಿದ್ರು. ಬಸ್ ಖರ್ಚು ಹಂಚಿಹೋಗಲಿ ಅಂತ ಒಂದೇ ಪ್ರಯಾಣಕ್ಕೆ ಎರಡು ಬ್ಯಾಚ್ ಇಟ್ಟೆ, ಶನಿವಾರ ಒಂದು, ಭಾನುವಾರ ಒಂದು. ಒಂದೇ ದಿನ ಎರಡು ಇಟ್ರೆ ಜಾಗದ ಬಾಡಿಗೆ ಉಳೀತಿತ್ತು, ಆದ್ರೆ ಅವರ ಕಣ್ಣು ಉಳೀತಿರಲಿಲ್ಲ. ಒಂದು ಕೆಫೆಯ ಮಹಡಿ, ಬೆಳಗ್ಗೆ 10ರಿಂದ 2, ಕಿಟಕಿ ಪಕ್ಕ, ತಿಳಿ ಬಣ್ಣದ ಮ್ಯಾಟಿ ಬಟ್ಟೆ. ಕಲಿಸೋದು ಗವಂತಿ ಒಂದೇ, ಹಾಕೋದು ಒಂದು ಪುಟ್ಟ ಗೋಪುರ. ಮನೆಗೆ ಹೋಗುವಾಗ ಕೈಯಲ್ಲಿ ಮುಗಿದ ಬುಕ್‌ಮಾರ್ಕ್ ಇರಬೇಕು. ಮತ್ತೆ ಎಂಟೇ ಜನ, ಐದು ನಿಮಿಷದಂತೆ 40 ನಿಮಿಷದಲ್ಲಿ ಎಲ್ಲರ ಹತ್ತಿರ ಹೋಗಿ ಬರಬಹುದು.

ಈಗ ಬೆಲೆ. ಒಂದು ಬ್ಯಾಚ್‌ಗೆ ಜನ ಬಂದ್ರೂ ಬರದಿದ್ರೂ ಆಗೋ ಖರ್ಚು: ಅತ್ತೆಗೆ 4,000, ಜಾಗಕ್ಕೆ 2,400, ಬಸ್ಸಿನ ಅರ್ಧ 900, ಜಾಹೀರಾತಿನ ಅರ್ಧ 250. ಒಟ್ಟು 7,550. ಒಬ್ಬೊಬ್ಬರಿಗೆ ಕಿಟ್ 260, ತಿಂಡಿ 100, ಸೇರಿ 360. ಫೀಸು 1,800 ಇಟ್ರೆ ಒಬ್ಬರಿಂದ 1,440 ಉಳಿಯುತ್ತೆ. 7,550ನ್ನ 1,440ರಿಂದ ಭಾಗಿಸಿ, ಐದಕ್ಕಿಂತ ಸ್ವಲ್ಪ ಜಾಸ್ತಿ. ಅಂದ್ರೆ ಆರನೆಯವರು ಬಂದ್ರೆ ಅಸಲು ಬಂತು. ಎಂಟೂ ತುಂಬಿದ್ರೆ ಬ್ಯಾಚ್‌ಗೆ 3,970, ಎರಡಕ್ಕೆ 7,940.

700 ಎಲ್ಲಿ, 1,800 ಎಲ್ಲಿ, ಜನ ಬರ್ತಾರಾ ಅಂತ ನಂಗೂ ಭಯ ಇತ್ತು. ಎರಡೂ ಬ್ಯಾಚ್ ತುಂಬಿತು. ಶನಿವಾರ ಒಬ್ಬರು ಬರಲಿಲ್ಲ, ಆದ್ರೆ ಪೂರ್ತಿ ಫೀಸು ಯುಪಿಐನಲ್ಲಿ ಮುಂಚೆಯೇ ಬಂದಿತ್ತು. ನಾಲ್ಕು ದಿನ ಮುಂಚೆ ಹೇಳಿದ್ರೆ ವಾಪಸ್, ಆಮೇಲೆ ನಿಮ್ಮ ಬದಲು ಬೇರೆಯವರನ್ನ ಕಳಿಸಬಹುದು ಅಂತ ನಿಯಮ. "ಫ್ರೆಂಡ್ಸ್‌ಗೆ ಡಿಸ್ಕೌಂಟ್ ಇಲ್ವಾ?" ಅಂತ ಕೇಳೋರು ಇದ್ದೇ ಇರ್ತಾರೆ. ಎಂಟು ಕುರ್ಚಿಯಲ್ಲಿ ಲಾಭ ಇರೋದು ಎರಡರಲ್ಲಿ. ಒಂದು ಪುಕ್ಕಟೆ ಕೊಟ್ರೆ ಅರ್ಧಕ್ಕೂ ಹತ್ತಿರ ಲಾಭ ಹೋಯ್ತು ಅಂತ ಶೀಟ್ ತೋರಿಸ್ತೀನಿ.

ಜಿಎಸ್‌ಟಿ ಬಗ್ಗೆ ಕೇಳಿದ್ರಿ. ಸೇವೆಗಳಿಗೆ ನಮ್ಮ ರಾಜ್ಯದಲ್ಲಿ ವರ್ಷದ ವಹಿವಾಟು 20 ಲಕ್ಷದೊಳಗಿದ್ರೆ ಸಾಮಾನ್ಯವಾಗಿ ನೋಂದಣಿ ಬೇಡ. ಆದಾಯ ತೆರಿಗೆಗೆ ಮಾತ್ರ ಈ ಲಾಭ ತೋರಿಸಲೇಬೇಕು, ಬಿಲ್‌ಗಳನ್ನ ಇಟ್ಕೊಳ್ಳಿ.

ಹಾಂ, 7,940ರಲ್ಲಿ ನನ್ನ ಕೂಲಿಯೂ ಸೇರಿದೆ. ಫೋನ್, ಕಿಟ್ ಕಟ್ಟೋದು, ಬಟ್ಟೆ ಅಂಗಡಿ ಅಲೆದಾಟ ಎಲ್ಲ ಸೇರಿ 25 ಗಂಟೆ ಹಿಡೀತು. ಗಂಟೆಗೆ 300 ಚಿಲ್ಲರೆ. ಕೆಲಸ ಬಿಟ್ಟು ಇದಕ್ಕೇ ಇಳೀರಿ ಅಂತ ನಾನು ಯಾರಿಗೂ ಹೇಳಲ್ಲ.

ಮುಂದಿನ ಬ್ಯಾಚ್‌ಗೆ ಮೊನ್ನೆ ಅತ್ತೆಗೆ ಫೋನ್ ಮಾಡಿದ್ದೆ. ಡೇಟ್ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, "ಈ ಸಲ ಐದ್ ಸಾವಿರ ಆಗ್ತದ ನೋಡವಾ" ಅಂದ್ರು. ಅವರ ಮುಂದೇನೇ ಶೀಟ್ ತೆಗೆದೆ. 8,550ನ್ನ 1,440ರಿಂದ ಭಾಗಿಸಿದ್ರೆ 5.9. ಈಗಲೂ ಆರೇ ಜನ ಸಾಕು. "ಆಯ್ತು ಅತ್ತಿ" ಅಂದೆ. ಫೋನ್ ಇಡೋ ಮುಂಚೆ, "ಕರೇ ಬಟ್ಟಿ ಮಾತ್ರ ತರಬ್ಯಾಡ" ಅಂದ್ರು.

ನಿಮ್ಮ ಲೆಕ್ಕದ ಶೀಟ್ ಇದ್ರೆ ಕಳಿಸಿ, ಮುಂದಿನ ವಾರ ಅದರಲ್ಲಿ ಒಂದೆರಡು ನೋಡೋಣ. ಸಿಗ್ತೀನಿ.