ಗಾಜಿನ ನಾರಿನ ಕಾರು, ಉಜ್ಜುವವನ ಎದೆ
(ಸಾನಮಾವಿನ ಕೂಟದಲ್ಲಿ ಮಾಡಿದ ಭಾಷಣ)

ಹೊಸೂರಿನ ಗ್ಯಾರೇಜುಗಳಲ್ಲಿ ಕೆಲಸ ಕಲಿಯಲು ಹೊರಡುವ ನಮ್ಮ ಮಕ್ಕಳಿಗಾಗಿ ಈ ಮಾತು. 1998ರಲ್ಲಿ ಬೆಂಗಳೂರಿನ ಸ್ಯಾನ್ ಸಂಸ್ಥೆಯವರು 'ಸ್ಟಾರ್ಮ್' ಎಂಬ ಇಬ್ಬರು ಕೂರುವ ತೆರೆದ ಕಾರನ್ನು ಹೊರತಂದರು. ಅದರ ಮೈ ತಗಡಲ್ಲ, ಗಾಜಿನ ನಾರು.

ತಗಡಿನ ಪಕ್ಕೆ ನೆಗ್ಗಿದರೆ ಒಳಗಿನಿಂದ ತಟ್ಟಿ ಎತ್ತುತ್ತೇವೆ. ನಾರಿನ ಮೈಗೆ ಸುತ್ತಿಗೆ ಸಲ್ಲದು. ಅದು ನೆಗ್ಗುವುದಿಲ್ಲ, ಸೀಳುತ್ತದೆ. ಸೀಳನ್ನು ಗಟ್ಟಿ ಭಾಗ ಸಿಗುವ ತನಕ ಉಜ್ಜಿ, ಅಂಚನ್ನು ಇಳಿಜಾರಾಗಿ ತೆಳುಮಾಡಿ, ನಾರಿನ ಚಾಪೆಯನ್ನು ರಾಳದಲ್ಲಿ ತೋಯಿಸಿ ಒಳಬದಿಯಿಂದ ಪದರಪದರವಾಗಿ ಹಚ್ಚಬೇಕು. ಬರೀ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಮತ್ತೆ ಬಿರುಕೇ. ಬಣ್ಣಕ್ಕೆ ಮುಂಚೆ ಬಾಗಿಲು ಮುಚ್ಚಿ ನೋಡಬೇಕು. ಮಾಡಿಲ್ಲದ ಕಾರಿಗೆ ಬಲವೆಲ್ಲ ಕೆಳಗಿನ ಚೌಕಟ್ಟಿನದು. ಬಾಗಿಲ ಸಂದು ಓರೆಯಾಗಿದ್ದರೆ ಚೌಕಟ್ಟೇ ಬಾಗಿರಬಹುದು.

ಕಾರಿನ ಮಾತು ಇಷ್ಟೇ. ಉಜ್ಜುವವನ ಮಾತು ಬೇರೆ. ಆ ಧೂಳು ಚರ್ಮವನ್ನು ತುರಿಸುತ್ತದೆ, ಎದೆಗೂ ಇಳಿಯುತ್ತದೆ. ರಾಳವನ್ನು ಗಟ್ಟಿಮಾಡುವ ದ್ರವ ಕಣ್ಣಿಗೆ ಹಾರಿದರೆ ದೃಷ್ಟಿಯನ್ನೇ ಕೆಡಿಸಬಲ್ಲದು. ಬಾಯಿಗೆ ಟವೆಲ್ ಸುತ್ತಿದರೆ ಸಾಲದು. ತೋಟದಲ್ಲಿ ಔಷಧಿ ಸಿಂಪಡಿಸಿದ ನಮಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೂಲಿ ಗೊತ್ತುಮಾಡುವ ದಿನವೇ ಮುಖವಾಡ, ಕನ್ನಡಕ, ಕೈಗವಸು ಕೇಳೋಣ. ಹುಡುಗನನ್ನು ಒಬ್ಬನೇ ಕಳಿಸದೆ ಹಿರಿಯರಿಬ್ಬರು ಜೊತೆಗೆ ಹೋಗೋಣ. ಕಣ್ಣಿಗೆ ಹಾರಿತೋ, ಹದಿನೈದು ನಿಮಿಷ ಬಿಡದೆ ನೀರು ಹಾಕಿ, ಆಮೇಲೆ ಆಸ್ಪತ್ರೆಗೆ.