ದೇವರಿಗೂ ಅವಳಿಗೂ ಮಧ್ಯೆ ಗಂಡ ಯಾಕೆ?

ಇವತ್ತಿನ ಮಾತು ಅಮೆರಿಕದ ಯೂಟಾ ರಾಜ್ಯದ್ದು. ಅಷ್ಟು ದೂರದ ಕಥೆ ನಮಗ್ಯಾಕೆ ಅನ್ನಬೇಡಿ. ಮಾರ್ಮನ್ ಚರ್ಚು ಭಾರತದಲ್ಲಿ ತನ್ನ ಮೊದಲ ಟೆಂಪಲ್ ಕಟ್ಟೋಕೆ ಆರಿಸಿಕೊಂಡಿದ್ದು ದೆಹಲಿಯನ್ನಲ್ಲ, ಮುಂಬೈಯನ್ನಲ್ಲ, ನಮ್ಮ ಬೆಂಗಳೂರನ್ನು. 2018ರ ಏಪ್ರಿಲ್‌ನಲ್ಲಿ ಘೋಷಣೆ ಆಯ್ತು, 2020ರ ಡಿಸೆಂಬರ್‌ನಲ್ಲಿ ಗುದ್ದಲಿ ಬಿತ್ತು.

ಮಾರ್ಮನ್ನರಲ್ಲಿ ಚರ್ಚ್ ಬೇರೆ, ಟೆಂಪಲ್ ಬೇರೆ. ಭಾನುವಾರದ ಚರ್ಚಿಗೆ ನೀವೂ ಹೋಗಬಹುದು, ನಾನೂ ಹೋಗಬಹುದು. ಟೆಂಪಲ್ ಹಾಗಲ್ಲ. ಕಟ್ಟಡ ಮುಗಿದಾಗ ಕೆಲವು ದಿನ ಎಲ್ಲರಿಗೂ ತೋರಿಸ್ತಾರೆ, ಪ್ರತಿಷ್ಠೆ ಆದಮೇಲೆ ಅನುಮತಿ ಪತ್ರ ಇದ್ದವರಿಗೆ ಮಾತ್ರ ಪ್ರವೇಶ. ಆ ಪತ್ರಕ್ಕೆ ಎರಡು ಸುತ್ತಿನ ಇಂಟರ್‌ವ್ಯೂ. ನಂಬಿಕೆ ಗಟ್ಟಿ ಇದೆಯಾ, ಆದಾಯದಲ್ಲಿ ಹತ್ತರಲ್ಲಿ ಒಂದು ಪಾಲು ಕೊಡ್ತೀಯಾ, ಕುಡಿತ, ಸಿಗರೇಟು, ಕಾಫಿ ಇಲ್ಲ ತಾನೇ? ಹೌದು, ಕಾಫಿ ಕೂಡ. ಹೆಂಗಸರಿಗೆ ಈ ಪ್ರಶ್ನೆ ಕೇಳೋರು ಗಂಡಸರು.

ಶಬರಿಮಲೆ ವಿಚಾರದಲ್ಲಿ ನಾವು ಪ್ರವೇಶದ ಬಗ್ಗೆ ಜಗಳ ಆಡಿದ್ವಿ. ಇಲ್ಲಿ ಪ್ರವೇಶದ ತಕರಾರೇ ಇಲ್ಲ. ಹೆಣ್ಣುಮಕ್ಕಳನ್ನ ಒಳಗೆ ಕರೀತಾರೆ. ಒಳಗೆ ಕರೆದು ಅವರ ಬಾಯಲ್ಲಿ ಏನು ಹೇಳಿಸ್ತಾರೆ ಅನ್ನೋದೇ ತಕರಾರು.

ಎಂಡೋಮೆಂಟ್ ಅನ್ನೋ ವಿಧಿ ಇದೆ. ಆಡಮ್ ಮತ್ತು ಈವ್ ಕಥೆ ತೋರಿಸ್ತಾರೆ, ಮಧ್ಯೆ ಮಧ್ಯೆ ಪ್ರಮಾಣ ಮಾಡಿಸ್ತಾರೆ. ಮದುವೆಗೆ ಸ್ವಲ್ಪ ಮುಂಚೆ ಹೋಗುವ ಹುಡುಗಿಯರೇ ಹೆಚ್ಚು. ಪಕ್ಕದಲ್ಲಿ ಅಮ್ಮ, ಅತ್ತೆಯಾಗುವವರು. ಗಂಡಸರು ದೇವರ ಮಾತು ಕೇಳ್ತೀವಿ ಅಂತ ಪ್ರಮಾಣ ಮಾಡೋರು. ಹೆಂಗಸರು? ಗಂಡನ ಮಾತು ಕೇಳ್ತೀವಿ ಅಂತ! 1990ರವರೆಗೆ ಅದು ಗಂಡನಿಗೆ ವಿಧೇಯತೆ. ಆ ವರ್ಷ ಮಾತನ್ನ ಸ್ವಲ್ಪ ಮೆದು ಮಾಡಿದ್ರು. ಗಂಡ ದೇವರ ದಾರಿಯಲ್ಲಿ ನಡೆಯುವಷ್ಟರ ಮಟ್ಟಿಗೆ ಅವನ ಸಲಹೆಗೆ ಕಿವಿಗೊಡಬೇಕು ಅಂತಾಯ್ತು. ಆದರೆ ಏಣಿ ಅದೇ: ಮೇಲೆ ದೇವರು, ನಡುವೆ ಗಂಡ, ಕೆಳಗೆ ಅವಳು. ಪ್ರಾರ್ಥನೆಯ ಹೊತ್ತಲ್ಲಿ ಅವಳು ಮುಖಕ್ಕೆ ಪರದೆ ಎಳ್ಕೋಬೇಕಿತ್ತು, ಗಂಡಸು ಎಳ್ಕೋಬೇಕಿರಲಿಲ್ಲ.

ಇದರಿಂದ ನೋವಾಯ್ತು ಅಂತ ಅವಳು ಯಾರ ಹತ್ತಿರ ಹೇಳಬೇಕು? ವಿಧಿಯ ಕೆಲವು ಭಾಗ ಹೊರಗೆ ಬಾಯಿಬಿಡಲ್ಲ ಅಂತ ಅಲ್ಲೇ ಮಾತು ಕೊಟ್ಟಿರ್ತಾಳೆ. ಉಳಿದದ್ದನ್ನೂ ಪವಿತ್ರ ಅಂತ ಮನೆಯಲ್ಲೂ ಯಾರೂ ಎತ್ತಲ್ಲ. ಪ್ರಮಾಣಕ್ಕಿಂತ ಈ ಮೌನ ದೊಡ್ಡದು ಅಂತ ನನಗನ್ಸುತ್ತೆ. ಕಾರಿನಲ್ಲಿ ಅತ್ತುಕೊಂಡು ಮನೆಗೆ ಹೋದವಳು, ಪಕ್ಕದ ಸೀಟಿನಲ್ಲಿ ಕೂತಿದ್ದವಳಿಗೂ ಹೀಗೇ ಆಗಿದೆ ಅನ್ನೋದನ್ನ ತಿಳ್ಕೊಳ್ಳೋದು ಹೇಗೆ?

ಹೊರಗೆ ಬಂದು ಗಟ್ಟಿಯಾಗಿ ಕೇಳಿದವರೂ ಇದ್ದಾರೆ. ಈ ಚರ್ಚಿನಲ್ಲಿ ಹನ್ನೆರಡರ ಆಸುಪಾಸಿನ ಹುಡುಗನಿಗೆ ಪೌರೋಹಿತ್ಯ ಸಿಗುತ್ತೆ, ಅವನ ಅಜ್ಜಿಗೆ ಸಿಗಲ್ಲ. ಹೆಂಗಸರಿಗೂ ಕೊಡಿ ಅಂತ 2013ರಲ್ಲಿ ಸಂಘಟನೆ ಕಟ್ಟಿದ ಕೇಟ್ ಕೆಲ್ಲಿ ಅನ್ನೋ ವಕೀಲೆಯನ್ನ 2014ರ ಜೂನ್‌ನಲ್ಲಿ ಚರ್ಚಿನಿಂದಲೇ ಹೊರಗೆ ಹಾಕಿದ್ರು.

ತಮಾಷೆ ನೋಡಿ, ಟೆಂಪಲ್ ಒಳಗೆ ಹೆಂಗಸರಿಗೆ ಶುದ್ಧೀಕರಣ ಮಾಡಿ, ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡೋರು ಹೆಂಗಸರೇ. ಒಳಗೆ ಆ ಕೈಗೆ ಅಧಿಕಾರ ಇದೆ, ಹೊರಗೆ ಬಂದ ಕೂಡಲೇ ಇಲ್ಲ. ಇದನ್ನ ಯಾರಾದ್ರೂ ನನಗೆ ಬಿಡಿಸಿ ಹೇಳಬೇಕು.

ಇನ್ನು 2019ರ ಜನವರಿಗೆ ಬನ್ನಿ. ಗಂಡನ ಮಾತು ಹೋಯ್ತು. ಹೆಣ್ಣು ನೇರವಾಗಿ ದೇವರಿಗೇ ಪ್ರಮಾಣ ಮಾಡಬಹುದು. ಮುಖಪರದೆಯ ಕಡ್ಡಾಯ ಹೋಯ್ತು. ಈವಳಿಗೆ ಮಾತು ಜಾಸ್ತಿ ಆಯ್ತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಹೆಂಗಸರು ಮದುವೆ ವಿಧಿಗೆ ಸಾಕ್ಷಿಯಾಗಿ ನಿಲ್ಲಬಹುದು ಅಂದ್ರು. ಬಹಳ ಒಳ್ಳೇದು. ಆದರೆ ಕಾರಣ? ನಾನು ಇಂಜಿನಿಯರಿಂಗ್ ಓದಿದವನು, ಒಂದು ಸಾಫ್ಟ್‌ವೇರ್ ಅಪ್‌ಡೇಟ್ ಆದ್ರೂ ಏನು ಬದಲಾಯ್ತು, ಯಾಕೆ ಬದಲಾಯ್ತು ಅಂತ ಎರಡು ಸಾಲು ಬರೀತಾರೆ. ಇಲ್ಲಿ ಚರ್ಚ್ ಹೇಳಿದ್ದು ಇಷ್ಟು: ವಿವರಗಳು ಕಾಲಕಾಲಕ್ಕೆ ಬದಲಾಗ್ತಾ ಬಂದಿವೆ, ದಯವಿಟ್ಟು ಸಾರ್ವಜನಿಕವಾಗಿ ಚರ್ಚೆ ಮಾಡಬೇಡಿ. ಮೂವತ್ತು, ನಲವತ್ತು ವರ್ಷ ಆ ಮಾತನ್ನ ದೇವರ ಮಾತು ಅಂತ ನುಂಗಿಕೊಂಡ ತಾಯಂದಿರಿಗೆ ಒಂದು ಕ್ಷಮೆಯೂ ಇಲ್ಲ. ಅದು ದೇವರ ಮಾತೇ ಆಗಿದ್ರೆ ಯಾಕೆ ತೆಗೆದ್ರಿ, ಅಲ್ಲ ಅಂದ್ರೆ ಯಾಕೆ ಹೇಳಿಸಿದ್ರಿ ಅಂತ ಅವರು ಕೇಳ್ತಾರೆ. ನ್ಯಾಯವಾದ ಪ್ರಶ್ನೆ.

ನಮಗೆ ಅಲ್ಲಿ ನೆಮ್ಮದಿ ಸಿಗುತ್ತೆ, ಯಾವ ತಾರತಮ್ಯವೂ ಕಂಡಿಲ್ಲ ಅನ್ನೋ ಮಾರ್ಮನ್ ಹೆಂಗಸರೂ ಬೇಕಾದಷ್ಟಿದ್ದಾರೆ. ಅವರ ಮಾತು ಸುಳ್ಳು ಅಂತ ನಾನ್ಯಾಕೆ ಅನ್ನಲಿ? ಪ್ರಶ್ನೆ ಕೇಳಿದವರಲ್ಲೂ ಎಷ್ಟೋ ಮಂದಿ ನಂಬಿಕೆ ಬಿಟ್ಟವರಲ್ಲ.

ಒಂದು ವಿಷಯ ಇನ್ನೂ ಹಾಗೇ ಇದೆ. ಟೆಂಪಲ್‌ನ ಮದುವೆ ಸತ್ತಮೇಲೂ ಮುಗಿಯಲ್ಲ, ಅನಂತಕಾಲದ್ದು. ಹೆಂಡತಿ ತೀರಿಕೊಂಡರೆ ಗಂಡ ಇನ್ನೊಬ್ಬಳ ಜೊತೆಗೂ ಆ ಅನಂತದ ಬಂಧನ ಮಾಡ್ಕೋಬಹುದು. ಚರ್ಚಿನ ಅಧ್ಯಕ್ಷರಾಗಿದ್ದ ರಸೆಲ್ ನೆಲ್ಸನ್ ಅವರೇ ಮೊದಲ ಹೆಂಡತಿ 2005ರಲ್ಲಿ ತೀರಿಕೊಂಡ ಮೇಲೆ, 2006ರಲ್ಲಿ ಎರಡನೇ ಮದುವೆಯನ್ನ ಟೆಂಪಲ್‌ನಲ್ಲೇ ಆದ್ರು. ಗಂಡನನ್ನ ಕಳ್ಕೊಂಡ ಹೆಣ್ಣು? ಬದುಕಿರುವಾಗ ಅವಳಿಗೆ ಒಬ್ಬನ ಜೊತೆ ಮಾತ್ರ. ಬಹುಪತ್ನಿತ್ವವನ್ನ 1890ರಲ್ಲೇ ಕೈಬಿಟ್ಟ ಚರ್ಚು ಸ್ವರ್ಗದಲ್ಲಿ ಅದನ್ನ ಉಳಿಸಿಕೊಂಡಿದೆ ಅಂತ ಕ್ಯಾರಲ್ ಲಿನ್ ಪಿಯರ್‌ಸನ್ ಅನ್ನೋ ಮಾರ್ಮನ್ ಲೇಖಕಿ 2016ರಲ್ಲಿ ಒಂದು ಪುಸ್ತಕವನ್ನೇ ಬರೆದ್ರು.

ಬೆಂಗಳೂರಿನ ಟೆಂಪಲ್‌ನಲ್ಲಿ ನಮ್ಮ ಹೆಣ್ಣುಮಕ್ಕಳು ಮಾಡೋದು 2019ರ ನಂತರದ ಪ್ರಮಾಣ. ಅನಂತಕಾಲದ ಮದುವೆಯ ನಿಯಮ ಮಾತ್ರ ಅಲ್ಲೂ ಇದೇ.